ಸಣ್ಣ ಪ್ರಕಾಶನದ ವಾರ್ಷಿಕೋತ್ಸವ ಮಾಡೋದು ಹೇಗೆ: ಭಾಷಣ ಕಮ್ಮಿ ಮಾಡಿ, ಪುಸ್ತಕಾನ ರಂಗದ ಮೇಲೆ ತನ್ನಿ

ಮೈಸೂರು ಮಂಡ್ಯ ಕಡೆ ಸಣ್ಣದಾಗಿ ಪ್ರಕಾಶನ ನಡೆಸ್ತಿರೋರು ಸುಮಾರು ಜನ ಇದ್ದಾರೆ. ಒಂದು ರೂಮು, ಒಂದು ಕಂಪ್ಯೂಟರ್, ಅಟ್ಟದ ತುಂಬ ಪುಸ್ತಕದ ಕಟ್ಟು, ಮನೆಯವ್ರೆಲ್ಲ ಕೂತು ಪಾರ್ಸೆಲ್ ಕಟ್ಟೋದು, ಹೀಗೇ ಹತ್ತು ವರ್ಷ ಇಪ್ಪತ್ತೈದು ವರ್ಷ ನಡೆಸ್ಕೊಂಡು ಬಂದಿರ್ತಾರೆ. ಅಂಥೋರು ದಶಮಾನೋತ್ಸವಾನೋ ಬೆಳ್ಳಿಹಬ್ಬಾನೋ ಮಾಡೋಣ ಅಂತ ಕೂತಾಗ ಮೊದಲು ತಲೆಗೆ ಬರೋದು ಅದೇ ನಮೂನೆ: ಪ್ರಾರ್ಥನೆ, ಸ್ವಾಗತ, ದೀಪ ಬೆಳಗೋದು, ಆರೇಳು ಜನ ಅತಿಥಿಗಳು, ಎಲ್ರಿಗೂ ಶಾಲು ಹಾರ ಹಣ್ಣಿನ ಬುಟ್ಟಿ, ಆಮೇಲೆ ಒಬ್ಬೊಬ್ರೂ ಅರ್ಧರ್ಧ ಗಂಟೆ ಮಾತು. ಎಲ್ಲ ಮುಗಿಯೋ ಹೊತ್ತಿಗೆ ಆ ಪ್ರಕಾಶನ ಅಷ್ಟು ವರ್ಷ ಹೊಟ್ಟೆಬಟ್ಟೆ ಕಟ್ಟಿ ತಂದ ಪುಸ್ತಕಗಳಿಂದ ಒಂದೇ ಒಂದು ಪ್ಯಾರಾನೂ ಯಾರ ಕಿವಿಗೂ ಬಿದ್ದಿರಲ್ಲ. ನಂಗೆ ಇದು ನಿಜವಾಗ್ಲೂ ನೋವಿನ ವಿಷಯ. ಪ್ರಕಾಶನದ ಹಬ್ಬ ಅಂದ್ಮೇಲೆ ಆವತ್ತು ಪುಸ್ತಕ ಕೇಳಿಸ್ಬೇಕು, ಕಾಣಿಸ್ಬೇಕು, ಕೈಗೆ ಸಿಗ್ಬೇಕು. ಅದನ್ನ ನಾಟಕ, ಹಾಡು, ಚಿತ್ರ ಇಟ್ಕೊಂಡು ಹೇಗೆ ಮಾಡ್ಬಹುದು ಅಂತ ನಂಗೆ ಗೊತ್ತಿರೋಷ್ಟು ಇಲ್ಲಿ ಬರೀತಿದೀನಿ.

ಪ್ರಕಾಶನಕ್ಕೂ ರಂಗಭೂಮಿಗೂ ಏನು ಸಂಬಂಧ ಅಂತ ಕೇಳೋರಿಗೆ ಒಂದೆರಡು ಮಾತು. 1933ರಲ್ಲಿ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದ ಜಿ.ಬಿ. ಜೋಶಿ ಸ್ವತಃ ನಾಟಕಕಾರರು, ಗಿರೀಶ ಕಾರ್ನಾಡರ ನಾಟಕಗಳು ಪುಸ್ತಕವಾಗಿ ಬಂದಿದ್ದು ಅಲ್ಲಿಂದಾನೇ. ಹೆಗ್ಗೋಡಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಂ ರಂಗಸಂಸ್ಥೆ ಜೊತೆಜೊತೆಗೇ ಅಕ್ಷರ ಪ್ರಕಾಶನಾನೂ ಕಟ್ಟಿದ್ರು. ನಮ್ಮ ಮೈಸೂರಲ್ಲಂತೂ ಕಾವ್ಯಾಲಯ, ಉದಯರವಿ ಪ್ರಕಾಶನದಂಥ ಹೆಸರುಗಳಿಂದ ಹಿಡಿದು ಇವತ್ತಿನ ಸಣ್ಣಸಣ್ಣ ಪ್ರಕಾಶನದ ತನಕ ಪುಸ್ತಕದ ಪರಂಪರೆ ಒಂದ್ಕಡೆ ಇದ್ರೆ, 1989ರಲ್ಲಿ ಬಿ.ವಿ. ಕಾರಂತರು ನಿರ್ದೇಶಕರಾಗಿ ಶುರುವಾದ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ, ಅದರ ಸುತ್ತ ಬೆಳೆದ ಹವ್ಯಾಸಿ ತಂಡಗಳು ಇನ್ನೊಂದ್ಕಡೆ ಇವೆ. 2010ರಲ್ಲಿ ಇದೇ ರಂಗಾಯಣದ ಆವರಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಇಡೀ ರಾತ್ರಿ ನಡೀತು, ಅಷ್ಟು ದಪ್ಪ ಕಾದಂಬರಿಗೆ ಜನ ಬೆಳಗಿನ ಜಾವದ ತನಕ ಚಳಿಯಲ್ಲಿ ಕೂತಿದ್ರು. ಹಂಗಿರೋವಾಗ ನಿಮ್ಮ ಪ್ರಕಾಶನದ ಇಪ್ಪತ್ತು ನಿಮಿಷದ ಒಂದು ಕಥೆಗೆ ಜನ ಕೂರಲ್ವಾ, ಖಂಡಿತ ಕೂರ್ತಾರೆ.

ಮೊದಲನೇ ಕೆಲಸ ಹಾಲ್ ಬುಕ್ ಮಾಡೋದಲ್ಲ, ಪುಸ್ತಕದ ಪಟ್ಟಿ ಮಾಡೋದು. ಒಂದನೇ ಪುಸ್ತಕದಿಂದ ಇವತ್ತಿನವರೆಗೆ ಎಲ್ಲಾನೂ ಬರೀರಿ: ಲೇಖಕರು, ವರ್ಷ, ಮುಖಪುಟ ಮಾಡಿದೋರು, ಡಿಟಿಪಿ (ಕಂಪ್ಯೂಟರಲ್ಲಿ ಅಕ್ಷರಜೋಡಣೆ) ಮಾಡಿದೋರು, ಕರಡು ತಿದ್ದಿದೋರು, ಯಾವ ಪ್ರೆಸ್ಸು, ಎಷ್ಟು ಪ್ರತಿ. ಹೆಚ್ಚುಕಮ್ಮಿ ಇದೆಲ್ಲ ಪುಸ್ತಕದ ಎರಡನೇ ಪುಟದಲ್ಲೇ ಸಿಗತ್ತೆ, ಇಲ್ದಿದ್ರೆ 'ಪ್ರಕಾಶಕರ ಮಾತು' ಓದಿ, ಅಲ್ಲಿ ನೆನೆದಿರ್ತಾರೆ. ವಿಚಿತ್ರ ಏನಂದ್ರೆ ಬಹಳ ಪ್ರಕಾಶಕರ ಹತ್ರ ತಮ್ಮದೇ ಮೊದಲ ಪುಸ್ತಕದ ಮೊದಲ ಮುದ್ರಣದ ಪ್ರತಿ ಇರಲ್ಲ, ಯಾರೋ ಕೇಳಿದ್ರು ಅಂತ ಕೊಟ್ಬಿಟ್ಟಿರ್ತಾರೆ. ಲೇಖಕರ ಮನೇಲಿ ಕೇಳಿ, ಹಳೇ ಓದುಗರನ್ನ ಕೇಳಿ, ಮಾನಸಗಂಗೋತ್ರಿಯ ವಿಶ್ವವಿದ್ಯಾನಿಲಯದ ಗ್ರಂಥಾಲಯ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ನಿಮ್ಮೂರ ಕೇಂದ್ರ ಗ್ರಂಥಾಲಯ ಇಲ್ಲೆಲ್ಲ ಹುಡುಕಿ. ಈ ಹುಡುಕಾಟಕ್ಕೆ ತಿಂಗಳುಗಟ್ಟಲೆ ಬೇಕು, ಅದಕ್ಕೇ ಕಾರ್ಯಕ್ರಮಕ್ಕೆ ಆರು ತಿಂಗಳು ಮುಂಚೆ ಶುರು ಮಾಡಿ ಅನ್ನೋದು. ಜೊತೆಗೆ ಹಳೇ ಕಾಗದ ಪತ್ರ, ಕರಡು ಹಾಳೆ, ಮುಖಪುಟದ ಮೂಲ ಚಿತ್ರ, ಪ್ರೆಸ್ಸಿನ ಬಿಲ್ಲು, ಪೋಸ್ಟ್ ಕಾರ್ಡು ಏನೇ ಸಿಕ್ರೂ ಎತ್ತಿಡಿ. ಇದು ಪ್ರದರ್ಶನಕ್ಕೆ ಬೇಕಾಗತ್ತೆ.

ಪಟ್ಟಿ ಆದ್ಮೇಲೆ ಆರಿಸೋದು. ಇಲ್ಲಿ ತುಂಬ ಜನ ಹೆಚ್ಚು ಮಾರಾಟ ಆದ ಪುಸ್ತಕ, ಪ್ರಶಸ್ತಿ ಬಂದ ಪುಸ್ತಕ ಅಂತ ಹೋಗ್ತಾರೆ. ನಾನು ಹೇಳೋದು, ಗಟ್ಟಿಯಾಗಿ ಓದಿ ನೋಡಿ ಆರಿಸಿ. ಇಬ್ರು ಮೂವರು ಕೂತ್ಕೊಂಡು ಒಂದೊಂದು ಪುಸ್ತಕದಿಂದ ಎರಡೆರಡು ಪುಟ ಜೋರಾಗಿ ಓದಿ, ಯಾವುದು ನಾಲಿಗೆ ಮೇಲೆ ಕೂರತ್ತೆ ಅಂತ ಕೂಡ್ಲೇ ಗೊತ್ತಾಗತ್ತೆ. ಮಂಡ್ಯದ ಮಾತಲ್ಲಿ ಬರೆದ ಕಥೆ, ಚಾಮರಾಜನಗರದ ಕಡೆ ಮಾತಿನ ಕಥೆ ಇವೆಲ್ಲ ಪುಟದ ಮೇಲೆ ಓದಕ್ಕೆ ಸ್ವಲ್ಪ ಕಷ್ಟ ಅನ್ಸಿದ್ರೂ ಬಾಯಲ್ಲಿ ಕೇಳಿದಾಗ ಎದ್ದು ಬರತ್ತೆ. ವಿಮರ್ಶೆ ಪುಸ್ತಕ, ಸಂಶೋಧನೆ ಪುಸ್ತಕ ರಂಗಕ್ಕೆ ಬರದೇ ಇರಬಹುದು, ಅವನ್ನ ಪ್ರದರ್ಶನದಲ್ಲಿ ಇಡಿ, ಒಂದು ಒಳ್ಳೇ ಸಾಲನ್ನ ದೊಡ್ಡದಾಗಿ ಬರೆಸಿ ಗೋಡೆಗೆ ಹಾಕಿ. ಮಾರಾಟವೇ ಆಗದ ಪುಸ್ತಕ ಒಂದಾದ್ರೂ ಕಾರ್ಯಕ್ರಮದಲ್ಲಿ ಇರ್ಲಿ ಅಂತ ನನ್ನ ಆಸೆ. ಸಣ್ಣ ಪ್ರಕಾಶನ ಇರೋದೇ ಅಂಥ ಪುಸ್ತಕಕ್ಕೋಸ್ಕರ ಅಲ್ವಾ.

ಈಗ ಅನುಮತಿ ವಿಚಾರ, ಇದನ್ನ ಹಗುರವಾಗಿ ತಗೋಬೇಡಿ. ಪುಸ್ತಕ ಅಚ್ಚು ಹಾಕೋ ಹಕ್ಕು ಪ್ರಕಾಶಕರ ಹತ್ರ ಇದೆ ಅಂದ್ರೆ ಅದನ್ನ ನಾಟಕ ಮಾಡೋ ಹಕ್ಕೂ ಇದೆ ಅಂತ ಅಲ್ಲ. ಲೇಖಕರ ಜೊತೆ ಮಾಡ್ಕೊಂಡ ಒಪ್ಪಂದ ತೆಗೆದು ನೋಡಿ, ಬಾಯಿಮಾತಲ್ಲೇ ಎಲ್ಲ ನಡೆದಿದ್ರೆ ಈಗ್ಲಾದ್ರೂ ಒಂದು ಹಾಳೇಲಿ ಬರೆಸ್ಕೊಳ್ಳಿ: ಯಾವ ಕಥೆ, ಎಷ್ಟು ಪ್ರದರ್ಶನ, ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕ್ಬಹುದಾ, ಗೌರವಧನ ಎಷ್ಟು. ಲೇಖಕರು ತೀರ್ಕೊಂಡಿದ್ರೆ ಅವರ ಮನೆಯವರನ್ನ ಕೇಳ್ಬೇಕು, ಯಾಕಂದ್ರೆ ನಮ್ಮ ದೇಶದಲ್ಲಿ ಲೇಖಕರು ತೀರ್ಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರತ್ತೆ. ಕುವೆಂಪು 1994ರಲ್ಲಿ ತೀರ್ಕೊಂಡ್ರು, ಅಂದ್ರೆ 2054ರ ಕೊನೆವರೆಗೂ ಇದೆ. ಬಿ.ಎಂ.ಶ್ರೀ. 1946ರಲ್ಲಿ ಹೋದ್ರು, ಅವರು ಬದುಕಿದ್ದಾಗ್ಲೇ ಅಚ್ಚಾದ ಬರಹ 2007ರಿಂದ ಎಲ್ರಿಗೂ ಮುಕ್ತ. ಟಿಕೆಟ್ ಇಲ್ದೆ ಹವ್ಯಾಸಿ ತಂಡ ಆಡೋದಕ್ಕೆ ಕಾಯ್ದೆಯಲ್ಲಿ ಒಂದಷ್ಟು ವಿನಾಯಿತಿ ಇದೆ ನಿಜ, ಆದ್ರೆ ಕಥೆಯನ್ನ ಬದಲಾಯಿಸಿ ನಾಟಕ ಮಾಡೋದು, ವಿಡಿಯೋ ಹಾಕೋದು ಅದರೊಳಗೆ ಬರಲ್ಲ. ಅದೂ ಅಲ್ದೆ, ಪ್ರಕಾಶನದ ಹಬ್ಬದಲ್ಲೇ ಲೇಖಕರನ್ನ ಕೇಳ್ದೆ ಅವರ ಕಥೆ ಆಡಿದ್ರೆ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಇನ್ನೊಂದು ಸಣ್ಣ ತಾಂತ್ರಿಕ ವಿಷಯ, ಹಳೇ ಪುಸ್ತಕದ ಫೈಲುಗಳು 'ನುಡಿ' ಅಥವಾ 'ಬರಹ' ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಲ್ಲಿ ಇರ್ತವೆ, ನಟರ ಮೊಬೈಲಿಗೆ ಕಳಿಸಿದ್ರೆ ಬರೀ ಗೋಜಲು ಕಾಣತ್ತೆ. ಯೂನಿಕೋಡಿಗೆ ಕನ್ವರ್ಟ್ ಮಾಡಿ, ಮಾಡಿದ್ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿ ಇದೆಯಾ ಅಂತ ಪುಸ್ತಕ ಇಟ್ಕೊಂಡು ಒಂದ್ಸಲ ತಿದ್ದಿ.

ಈಗ ಮುಖ್ಯವಾದ ಭಾಗಕ್ಕೆ ಬರ್ತೀನಿ, ರಂಗ ಓದು. ಪೂರ್ತಿ ನಾಟಕ ಕಟ್ಟಕ್ಕೆ ಎರಡು ತಿಂಗಳ ತಾಲೀಮು, ಸೆಟ್ಟು, ಬೆಳಕು, ದುಡ್ಡು ಎಲ್ಲ ಬೇಕು, ಸಣ್ಣ ಪ್ರಕಾಶನಕ್ಕೆ ಆಗಲ್ಲ. ರಂಗ ಓದು ಅಂದ್ರೆ ಮೂರ್ನಾಲ್ಕು ನಟರು ಕೈಲಿ ಪುಸ್ತಕ ಹಿಡ್ಕೊಂಡೇ ಕಥೆ ಓದೋದು, ಅಷ್ಟಿಷ್ಟು ಎದ್ದು ಓಡಾಡೋದು, ಹಿನ್ನೆಲೆಗೆ ಒಂದು ಹಾರ್ಮೋನಿಯಮ್ಮೋ ತಮಟೆಯೋ ಇರೋದು. ಪುಸ್ತಕ ಕೈಲಿ ಇರೋದು ನಮ್ಮ ಕಾರ್ಯಕ್ರಮಕ್ಕೆ ಇನ್ನೂ ಚೆನ್ನ, ಜನ ಆ ಮುಖಪುಟ ನೋಡ್ತಾನೇ ಇರ್ತಾರೆ. ಡೆಮಿ ಸೈಜಿನ (ಸಾಮಾನ್ಯವಾಗಿ ಕನ್ನಡ ಪುಸ್ತಕ ಬರೋ ಅಳತೆ) ಒಂದು ಪುಟಾನ ನಿಧಾನವಾಗಿ ಓದಕ್ಕೆ ಎರಡೂವರೆ ಮೂರು ನಿಮಿಷ ಹಿಡಿಯತ್ತೆ, ಅಂದ್ರೆ ಹದಿನಾಲ್ಕು ಪುಟದ ಕಥೆ ಹಂಗೇ ಓದಿದ್ರೆ ನಲವತ್ತು ನಿಮಿಷ. ಇದನ್ನ ಇಪ್ಪತ್ತೈದಕ್ಕೆ ಇಳಿಸ್ಬೇಕು. ಹೇಗೆ ಅಂದ್ರೆ, ಕಥೆಯ ಜೆರಾಕ್ಸ್ ತಗೊಂಡು ಪೆನ್ಸಿಲ್ ಹಿಡ್ಕೊಂಡು ಕೂರಿ, 'ಅಂದನು', 'ಎಂದು ಕೇಳಿದಳು' ಇವೆಲ್ಲ ಮೊದಲು ಹೊಡೀರಿ, ಯಾಕಂದ್ರೆ ಬೇರೆ ಬೇರೆ ದನಿ ಇರೋದ್ರಿಂದ ಅದು ಬೇಕಾಗಲ್ಲ. ಆಮೇಲೆ ನಟ ಮಾಡಿ ತೋರಿಸೋದನ್ನ ಹೊಡೀರಿ. ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದ್ಲು, ಸುಣ್ಣ ಹುಡುಕಿದ್ಲು, ಸಿಗದೆ ಮೊಮ್ಮಗನ್ನ ಕೂಗಿದ್ಲು ಅಂತ ಕಥೇಲಿ ನಾಲ್ಕು ಸಾಲು ಇದ್ರೆ, ನಟಿ ಸೊಂಟದಿಂದ ಚೀಲ ತೆಗೆದು ಬೆರಳಲ್ಲಿ ತಡಕಾಡಿ 'ಲೋ ಮಗಾ' ಅಂತ ಕೂಗಿದ್ರೆ ಮುಗೀತು, ನಾಲ್ಕು ಸಾಲು ಓದೋ ಹೊತ್ತು ಉಳೀತು. ಆದ್ರೆ ಲೇಖಕರ ಒಳ್ಳೇ ವಾಕ್ಯ, ಆ ಕಥೆಯ ಉಸಿರು ಇರೋ ಕಡೆ ಕೈ ಇಡ್ಬೇಡಿ, ಅದು ಎಷ್ಟೇ ಉದ್ದ ಇದ್ರೂ ಒಬ್ಬರೇ ನಿಂತು ಪೂರ್ತಿ ಓದ್ಲಿ. ಮೇಲೆ ಹೇಳಿದಂಥ ಒಂದು ಕೂಗು ಬಿಟ್ರೆ ಒಂದು ಪದಾನೂ ಹೊಸದಾಗಿ ಸೇರಿಸ್ಬೇಡಿ. ಕತ್ತರಿಸಿದ ಪ್ರತಿಯನ್ನ ಲೇಖಕರಿಗೆ ತೋರಿಸಿ ಒಪ್ಪಿಗೆ ತಗೊಳ್ಳಿ, ಸಾಧ್ಯವಾದ್ರೆ ಒಂದು ತಾಲೀಮಿಗೆ ಕರೀರಿ. ವಾರಕ್ಕೆರಡು ಸಲ ಅಂತ ಒಂದು ತಿಂಗಳು ತಾಲೀಮು ನಡೆಸಿದ್ರೆ ಇಂಥವು ಮೂರು ಕಥೆ ಸಿದ್ಧ ಆಗ್ತವೆ.

ನಟರಿಗೆ ಮೈಸೂರಲ್ಲಿ ಬರ ಇಲ್ಲ. ರಾಮಕೃಷ್ಣನಗರದ ನಟನ ರಂಗಶಾಲೆ ಇದೆ, ರಂಗಾಯಣದ ರಂಗಶಾಲೆಯಲ್ಲಿ ಕಲಿತು ಹೊರಗೆ ಬಂದ ಹುಡುಗ ಹುಡುಗೀರು ಇದ್ದಾರೆ, ಕಾಲೇಜು ತಂಡಗಳಿವೆ. ಓದೋರಲ್ಲಿ ಒಬ್ಬರಾದ್ರೂ ಆ ಕಥೆಯ ಸೀಮೆಯ ಮಾತು ಬಲ್ಲೋರು ಇರ್ಲಿ. ಮಳವಳ್ಳಿ ಮಾತನ್ನ ಕಲಿತು ಆಡೋರಿಗೂ ಆ ಮಾತಲ್ಲೇ ಬೆಳೆದೋರಿಗೂ ವ್ಯತ್ಯಾಸ ಪ್ರೇಕ್ಷಕರಿಗೆ ಗೊತ್ತಾಗ್ಬಿಡತ್ತೆ.

ಕವಿತೆ ಬಗ್ಗೆ ಒಂದು ಮಾತು. ಎಲ್ಲ ಕವಿತೆಗೂ ರಾಗ ಹಾಕಕ್ಕೆ ಹೋಗ್ಬೇಡಿ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಅವರಂಥ ಕವಿಗಳ ಪದ್ಯ ಹಾಡಿಗೆ ಒದಗತ್ತೆ, ಸುಗಮ ಸಂಗೀತ ಬೆಳೆದಿದ್ದೇ ಅಂಥವುಗಳಿಂದ. ಆದ್ರೆ ಇವತ್ತಿನ ಗದ್ಯಲಯದ ಕವಿತೇನ ಹಾಡು ಮಾಡಿದ್ರೆ ಕೊಂದಂಗೆ. ಅದನ್ನ ಕವಿಯೇ ಬಂದು ಓದ್ಲಿ, ಒಬ್ಬರಿಗೆ ಎರಡೇ ಕವಿತೆ, ಪೀಠಿಕೆ ಬೇಡ ಅಂತ ಮುಂಚೇನೇ ಹೇಳಿ.

ಜನಪದ ಕಲಾವಿದರ ವಿಷಯದಲ್ಲಿ ನಂಗೆ ಸ್ವಲ್ಪ ಗಟ್ಟಿ ಅಭಿಪ್ರಾಯ ಇದೆ. ಮಂಡ್ಯದಲ್ಲಿ ಪೂಜಾ ಕುಣಿತ, ಮೈಸೂರು ಚಾಮರಾಜನಗರದ ಕಡೆ ಕಂಸಾಳೆ, ಮಂಟೇಸ್ವಾಮಿ ಸಿದ್ದಪ್ಪಾಜಿ ಕಥೆ ಹಾಡೋ ನೀಲಗಾರರು, ಇಷ್ಟು ದೊಡ್ಡ ಆಸ್ತಿ ನಮ್ಮ ಪಕ್ಕದಲ್ಲೇ ಇದೆ. ಆದ್ರೆ ಕಾರ್ಯಕ್ರಮದೋರು ಏನ್ ಮಾಡ್ತಾರೆ, ಅತಿಥಿಗಳನ್ನ ಗೇಟಿಂದ ವೇದಿಕೆಗೆ ಕರ್ಕೊಂಡು ಬರಕ್ಕೆ ಹತ್ತು ನಿಮಿಷ ಕುಣಿಸಿ ಕಳಿಸ್ಬಿಡ್ತಾರೆ. ಹಂಗೆ ಮಾಡ್ಬೇಡಿ. ನಿಮ್ಮ ಪ್ರಕಾಶನ ಜನಪದ ಕಾವ್ಯ, ಜನಪದ ಸಂಶೋಧನೆಯ ಪುಸ್ತಕ ತಂದಿದ್ರೆ ಅದೇ ಕಾವ್ಯಾನ ಹಾಡೋರನ್ನ ಕರೆಸಿ ವೇದಿಕೆ ಮಧ್ಯ ಕೂರಿಸಿ ಮುಕ್ಕಾಲು ಗಂಟೆ ಕೊಡಿ. ಕಂಸಾಳೆಯಲ್ಲೂ ಎರಡು ಥರ ಇದೆ, ವೀರಾವೇಶದಿಂದ ಕುಣಿಯೋ ಬೀಸು ಕಂಸಾಳೆ ಒಂದು, ಕೂತು ಮಲೆ ಮಾದಪ್ಪನ ಕಥೆ ಹಾಡೋದು ಇನ್ನೊಂದು. ಪುಸ್ತಕದ ಕಾರ್ಯಕ್ರಮಕ್ಕೆ ನಂಗೆ ಎರಡನೇದು ಹೆಚ್ಚು ಇಷ್ಟ, ಕಥೆ ಬಾಯಿಂದ ಬಾಯಿಗೆ ಬಂದು ಹಾಳೆಗೆ ಇಳಿದ ದಾರಿ ಕಣ್ಮುಂದೇನೇ ಕಾಣತ್ತೆ. ಹಾಡೋದಕ್ಕೆ ಮುಂಚೆ ಆ ಪುಸ್ತಕದ ಅದೇ ಭಾಗಾನ ಯಾರಾದ್ರೂ ಎರಡು ನಿಮಿಷ ಓದಿದ್ರೆ ಇನ್ನೂ ಚೆಂದ. ಹಾಡಿದೋರ ಹೆಸರು ಆಹ್ವಾನ ಪತ್ರಿಕೇಲಿ 'ಮತ್ತು ತಂಡ' ಅಂತ ಬಿಡ್ದೆ ಪೂರ್ತಿ ಹಾಕಿ.

ಚಿತ್ರದ ಕಡೆ ಬಂದ್ರೆ, ಮುಖಪುಟಗಳ ಪ್ರದರ್ಶನ ಎಲ್ಲಕ್ಕಿಂತ ಸುಲಭ ಮತ್ತೆ ಎಲ್ಲಕ್ಕಿಂತ ಜನ ನಿಂತು ನೋಡೋದು. ಬರೀ ಮುಖಪುಟದ ಪ್ರಿಂಟ್ ತೂಗುಹಾಕಿದ್ರೆ ಸಾಲ್ದು, ಒಂದು ಪುಸ್ತಕ ಆದ ದಾರಿ ತೋರಿಸಿ: ಲೇಖಕರ ಕೈಬರಹ, ಅದರ ಪಕ್ಕ ಕೆಂಪಿಂಕಲ್ಲಿ ತಿದ್ದಿದ ಕರಡು, ಕಲಾವಿದರು ಮೊದಲು ಮಾಡಿ ಬೇಡ ಅಂತ ಬಿಟ್ಟ ಎರಡು ಮುಖಪುಟ, ಆಮೇಲೆ ಹೊರಗೆ ಬಂದ ಪುಸ್ತಕ. ಸಿದ್ಧಾರ್ಥನಗರದ ಚಿತ್ರಕಲಾ ಕಾಲೇಜು ಕಾವಾದಲ್ಲಿ ಗ್ರಾಫಿಕ್ಸ್ ಕಲಿಯೋ ವಿದ್ಯಾರ್ಥಿಗಳಿಗೆ ಒಂದೊಂದು ಹಳೇ ಪುಸ್ತಕ ಓದಕ್ಕೆ ಕೊಟ್ಟು ಹೊಸ ಮುಖಪುಟ ಮಾಡಿ ಅಂತ ಹೇಳಿ, ಲಿನೋ ಕಟ್ಟಲ್ಲೋ ವುಡ್‌ಕಟ್ಟಲ್ಲೋ (ಲಿನೋಲಿಯಂ ಹಾಳೆ ಇಲ್ಲಾ ಮರದ ಹಲಗೆ ಕೆತ್ತಿ ಅಚ್ಚೊತ್ತೋದು) ಮಾಡಿಸಿ. ಪುಸ್ತಕ ಓದಿಯೇ ಮಾಡ್ಬೇಕು ಅನ್ನೋದು ಷರತ್ತು, ಬರೀ ಶೀರ್ಷಿಕೆ ನೋಡಿ ಅಲ್ಲ. ಇವುಗಳ ಪ್ರಿಂಟನ್ನ ಸಹಿ ಹಾಕಿ ನಂಬರ್ ಹಾಕಿ ಮಾರಿ, ಬಂದ ದುಡ್ಡಲ್ಲಿ ಅರ್ಧಕ್ಕಿಂತ ಜಾಸ್ತಿ ಕಲಾವಿದರಿಗೇ ಹೋಗ್ಲಿ.

ಮೊಳೆ, ಅಂದ್ರೆ ಲೋಹದ ಬಿಡಿ ಅಕ್ಷರ, ಜೋಡಿಸಿ ಅಚ್ಚು ಹಾಕ್ತಿದ್ದ ಹಳೇ ಪ್ರೆಸ್ಸು ನಿಮಗೆ ಗೊತ್ತಿದ್ರೆ, ಅಲ್ಲಿ ಮೊಳೆ ಜೋಡಿಸ್ತಿದ್ದ ಕಂಪೋಸಿಟರ್ ಯಾರಾದ್ರೂ ಸಿಕ್ರೆ, ದಯವಿಟ್ಟು ಅವರನ್ನ ಕರೆಸಿ. ಒಂದು ಟೇಬಲ್, ಮೊಳೆ ಇಡೋ ಸಣ್ಣಸಣ್ಣ ಮನೆಗಳಿರೋ ಒಂದು ಕೇಸ್, ಸಾಲು ಜೋಡಿಸ್ಕೊಳ್ಳೋ ಒಂದು ಸ್ಟಿಕ್, ಕಾಲಲ್ಲಿ ತುಳಿದು ಅಚ್ಚು ಹಾಕೋ ಸಣ್ಣ ಟ್ರೆಡಲ್ ಮೆಷಿನ್ ತರಕ್ಕೆ ಆಗದಿದ್ರೆ ಕೈಯಲ್ಲಿ ಒತ್ತೋ ಪ್ರೂಫ್ ಪ್ರೆಸ್ಸಾದ್ರೂ ಸಾಕು. ಕನ್ನಡ ಮೊಳೆ ಜೋಡಿಸೋದು ನೋಡಿದ್ರೇನೇ ಅದರ ಕಷ್ಟ ಗೊತ್ತಾಗೋದು, ಅಕ್ಷರ ಒಂದು ಮನೇಲಿ, ಅದರ ಒತ್ತು ಇನ್ನೊಂದು ಮನೇಲಿ, ಎಲ್ಲಾನೂ ಕನ್ನಡೀಲಿ ಕಂಡಂಗೆ ತಿರುಗಿರತ್ತೆ, ಅವರು ಕಣ್ಣೆತ್ತದೆ ಬೆರಳಲ್ಲೇ ಹುಡುಕಿ ಟಕಟಕ ಅಂತ ಸಾಲು ಮುಗಿಸ್ತಾರೆ. ಬಂದೋರು ತಮ್ಮ ಹೆಸರು ಜೋಡಿಸಿ ಅಂತ ಕೇಳ್ತಾರೆ, ಮಾಡ್ಕೊಡ್ಲಿ, ಆದ್ರೆ ಮೊದಲೇ ನಿಮ್ಮ ಪ್ರಕಾಶನದ ಯಾವ್ದಾದ್ರೂ ನಾಲ್ಕು ಸಾಲಿನ ಪದ್ಯ ಜೋಡಿಸಿ ಇಟ್ಟಿದ್ರೆ ಬಂದೋರೇ ಮಸಿ ಉರುಳಿಸಿ ಒಂದು ಹಾಳೆ ತೆಗೆದು ಮನೆಗೆ ತಗೊಂಡು ಹೋಗ್ಬಹುದು. ಮಸಿ ಒಣಗಕ್ಕೆ ಹೊತ್ತಾಗತ್ತೆ, ಹಾಳೆ ತೂಗುಹಾಕಕ್ಕೆ ಒಂದು ದಾರ ಕ್ಲಿಪ್ಪು, ಕೈ ಒರೆಸಕ್ಕೆ ಬಟ್ಟೆ ಇಟ್ಕೊಳ್ಳಿ. ಮೊಳೆಯಲ್ಲಿ ಸೀಸ ಇರತ್ತೆ, ಮಕ್ಕಳು ಬಾಯಿಗೆ ಹಾಕ್ಕೊಳ್ದಂಗೆ ನೋಡ್ಕೊಳ್ಳಿ, ಮುಟ್ಟಿದೋರು ತಿಂಡಿಗೆ ಮುಂಚೆ ಕೈ ತೊಳೀಲಿ.

ಜಾಗ. ಮೈಸೂರಲ್ಲಿ ಕಲಾಮಂದಿರದ ದೊಡ್ಡ ಹಾಲ್ ಸಣ್ಣ ಪ್ರಕಾಶನಕ್ಕೆ ಬೇಡ, ಇನ್ನೂರು ಜನ ಬಂದ್ರೂ ಖಾಲಿ ಕಾಣತ್ತೆ. ಅದೇ ಆವರಣದ ಕಿರುರಂಗಮಂದಿರ ಸರಿ ಹೋಗತ್ತೆ, ಅಲ್ಲೇ ಸುಚಿತ್ರ ಕಲಾ ಗ್ಯಾಲರಿ ಇರೋದ್ರಿಂದ ಪ್ರದರ್ಶನಾನೂ ಪಕ್ಕದಲ್ಲೇ ಇಡ್ಬಹುದು, ಇವಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಆಫೀಸಲ್ಲಿ ವಿಚಾರಿಸಿ. ರಂಗಾಯಣದ ಭೂಮಿಗೀತ ಹಾಲ್, ವನರಂಗ ಅನ್ನೋ ಬಯಲು ರಂಗ ಬೇಕಂದ್ರೆ ರಂಗಾಯಣದಲ್ಲೇ ಕೇಳ್ಬೇಕು, ಬಹುರೂಪಿ ನಾಟಕೋತ್ಸವದ ಹೊತ್ತಲ್ಲಿ ಸಿಗಲ್ಲ. ದಸರಾ ಟೈಮಲ್ಲಿ ಊರಲ್ಲಿ ಯಾವ ಹಾಲೂ ಕೇಳ್ಬೇಡಿ, ಸಿಕ್ರೂ ಜನ ನಿಮ್ಮ ಕಡೆ ಬರಲ್ಲ. ನವೆಂಬರ್ ಪೂರ್ತಿ ರಾಜ್ಯೋತ್ಸವದ ಕಾರ್ಯಕ್ರಮ. ವನರಂಗದಂಥ ಬಯಲಲ್ಲಿ ಮಾಡೋದಾದ್ರೆ ಜನವರಿಯಿಂದ ಮಾರ್ಚ್ ಒಳಗೆ ಇಟ್ಕೊಳ್ಳಿ, ಅಕ್ಟೋಬರಲ್ಲಿ ಸಂಜೆ ಮಳೆ, ಏಪ್ರಿಲ್ ಮೇನಲ್ಲಿ ಗುಡುಗಿನ ಮಳೆ ಕಾಟ. ಬಯಲಲ್ಲಿ ರಾತ್ರಿ ಹತ್ತರ ಮೇಲೆ ಮೈಕ್ ಹಾಕಂಗಿಲ್ಲ, ಪೊಲೀಸ್ ಸ್ಟೇಷನ್ನಿಂದ ಪರ್ಮಿಷನ್ ಮುಂಚೇನೇ ತಗೊಳ್ಳಿ. ಮಂಡ್ಯದೋರಿಗೆ ಕರ್ನಾಟಕ ಸಂಘ, ಗಾಂಧಿ ಭವನ ಇದೆ, ಮತ್ತೆ ಮೇಲುಕೋಟೆಯಲ್ಲಿ ಕವಿ ಪು.ತಿ.ನ. ಅವರ ಮನೆ ಸ್ಮಾರಕವಾಗಿದೆ, ಮೂವತ್ತು ನಲವತ್ತು ಜನರ ಕಾವ್ಯ ಓದಿಗೆ ಅಂಥ ಜಾಗ ಅಂದ್ರೆ ನಂಗೆ ಪ್ರಾಣ. ಮಂಡ್ಯದಲ್ಲಿ ಓದುಗರು ಎಲ್ಲಿದ್ದಾರೆ ಅಂತ ಅನುಮಾನ ಪಡೋರು 2024ರ ಡಿಸೆಂಬರಲ್ಲಿ ಅಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳನ್ನ ನೆನೆಸ್ಕೊಳ್ಳಿ.

ದುಡ್ಡಿನ ಲೆಕ್ಕ ಹಾಕೋವಾಗ ಮೊದಲ ಸಾಲಲ್ಲಿ ಕಲಾವಿದರ ಸಂಭಾವನೆ ಮತ್ತೆ ಓಡಾಟದ ಖರ್ಚು ಬರೀರಿ, ಆಮೇಲೆ ಹಾಲ್ ಬಾಡಿಗೆ, ಮೈಕು, ಲೈಟು, ಕಾಫಿ ತಿಂಡಿ. ಶಾಲು ಹಾರ ಫ್ಲೆಕ್ಸು ಕೊನೇಲಿ, ದುಡ್ಡು ಉಳಿದ್ರೆ. ಸಂಭಾವನೆ ಕವರಲ್ಲಿ ಹಾಕಿ ಆವತ್ತು ರಾತ್ರಿನೇ ಕೈಗೆ ಕೊಡ್ಬೇಕು, 'ನಾಳೆ ಹಾಕ್ತೀವಿ' ಅನ್ನೋ ಮಾತು ಬೇಡ. ಮಳವಳ್ಳಿಯಿಂದಾನೋ ಕೊಳ್ಳೇಗಾಲದಿಂದಾನೋ ಬಂದ ತಂಡಕ್ಕೆ ವಾಪಸ್ ಹೋಗಕ್ಕೆ ಗಾಡಿ, ರಾತ್ರಿ ಊಟ ನಿಮ್ಮದೇ ಜವಾಬ್ದಾರಿ. ಇಲಾಖೆ ಧನಸಹಾಯಕ್ಕೆ ಅರ್ಜಿ ಹಾಕೋದಾದ್ರೆ ನೋಂದಣಿ ಆದ ಸಂಘವೋ ರಂಗತಂಡವೋ ಜೊತೆಗಿದ್ರೆ ಸಲೀಸು, ಆದ್ರೆ ಅದನ್ನೇ ನಂಬ್ಕೊಂಡು ಕೂರ್ಬೇಡಿ. ಅದಕ್ಕಿಂತ ಒಳ್ಳೇದು ಮುಂಗಡ ಕೂಪನ್, ಒಬ್ಬರು ಐನೂರು ರೂಪಾಯಿ ಕೊಟ್ರೆ ಆವತ್ತು ಸ್ಟಾಲಲ್ಲಿ ಅಷ್ಟೇ ಬೆಲೆಯ ಪುಸ್ತಕ ತಗೋಬಹುದು. ಕಾರ್ಯಕ್ರಮಕ್ಕೆ ಮುಂಚೇನೇ ಕೈಗೆ ಕಾಸು ಬರತ್ತೆ, ಅಟ್ಟದ ಕಟ್ಟೂ ಕರಗತ್ತೆ.

ವೇದಿಕೆ ಕಾರ್ಯಕ್ರಮ ಬೇಡವೇ ಬೇಡ ಅಂತ ನಾನು ಹೇಳಲ್ಲ, ಹಿರಿಯರಿದ್ದಾರೆ, ಅವರ ಮಾತು ಕೇಳೋ ಆಸೆ ನಮಗೂ ಇರತ್ತೆ. ಒಬ್ಬರೇ ಮಾತಾಡ್ಲಿ, ಇಪ್ಪತ್ತು ನಿಮಿಷ, ಅದೂ ಈ ಪ್ರಕಾಶನದ ಪುಸ್ತಕಗಳನ್ನ ಓದಿರೋರೇ ಆಗಿರ್ಲಿ. ಸನ್ಮಾನ ಮಾಡೋದಾದ್ರೆ ಡಿಟಿಪಿ ಮಾಡಿದ ಅಕ್ಕ, ಕರಡು ತಿದ್ದಿದ ನಿವೃತ್ತ ಮೇಷ್ಟ್ರು, ಬೈಂಡಿಂಗ್ ಮಾಡೋ ಅಣ್ಣ, ಸಾಲದಲ್ಲಿ ಪೇಪರ್ ಕೊಟ್ಟ ಅಂಗಡಿಯವ್ರು, ಇವರಿಗೆ ಮಾಡಿ. ಇವರ ಹೆಸರು ಪುಸ್ತಕದ ಎರಡನೇ ಪುಟದಲ್ಲಿ ಸಣ್ಣಕ್ಷರದಲ್ಲಿ ಇರತ್ತೆ ಅಷ್ಟೆ, ಎಷ್ಟೋ ಸಲ ಅದೂ ಇರಲ್ಲ. ಅವರನ್ನ ಮೇಲೆ ಕರೆದು, ಅವರು ಕೆಲಸ ಮಾಡಿದ ಪುಸ್ತಕದಿಂದಾನೇ ಅರ್ಧ ಪುಟ ಓದಿ, ಆ ಪ್ರತಿ ಅವರ ಕೈಗೆ ಕೊಡಿ.

ಕಾರ್ಯಕ್ರಮದ ಕ್ರಮ ನಾನಾದ್ರೆ ಹೀಗಿಡ್ತೀನಿ: ಮಧ್ಯಾಹ್ನ ಮೂರಕ್ಕೆ ಪ್ರದರ್ಶನ, ಅಚ್ಚಿನ ಟೇಬಲ್ಲು, ಪುಸ್ತಕದ ಸ್ಟಾಲ್ ತೆಗೆಯೋದು, ಐದೂವರೆಗೆ ಕಾಫಿ, ಆರಕ್ಕೆ ಸರಿಯಾಗಿ ಮೊದಲ ಕಥೆ ಶುರು, ಸ್ವಾಗತ ಭಾಷಣ ಇಲ್ದೆ ಸೀದಾ ಕಥೆ. ಅದಾದ್ಮೇಲೆ ಒಬ್ಬರ ಮಾತು, ಸನ್ಮಾನ, ಎರಡನೇ ಕಥೆ, ಕವಿತೆ, ಕೊನೇಲಿ ಹಾಡಿಕೆ. ಒಂಬತ್ತಕ್ಕೆ ಮುಗಿಯತ್ತೆ, ಸಿಟಿ ಬಸ್ಸಲ್ಲಿ ಹೋಗೋರಿಗೂ ಅನುಕೂಲ. ಸ್ಟಾಲ್ ಮಾತ್ರ ಮುಚ್ಚಬೇಡಿ, ಜನ ಪುಸ್ತಕ ಕೊಳ್ಳೋದು ಕಥೆ ಕೇಳಿ ಹೊರಗೆ ಬಂದಾಗಲೇ, ಆವತ್ತು ಓದಿದ ಪುಸ್ತಕಗಳನ್ನ ಬಾಗಿಲ ಹತ್ರಾನೇ ಗುಡ್ಡೆ ಹಾಕಿಡಿ, ಚಿಲ್ಲರೆ, ಯುಪಿಐ ಬೋರ್ಡು ಎರಡೂ ಇರ್ಲಿ.

ಮುಗಿದ ವಾರದೊಳಗೆ ಮಾಡೋ ಕೆಲಸ ಒಂದಿಷ್ಟಿದೆ. ರೆಕಾರ್ಡಿಂಗಿನ ಎರಡು ಕಾಪಿ ಬೇರೆ ಬೇರೆ ಹಾರ್ಡ್ ಡಿಸ್ಕಲ್ಲಿ ಹಾಕಿಡಿ, ಒಪ್ಪಿಗೆ ಕೊಟ್ಟೋರದ್ದು ಮಾತ್ರ ಯೂಟ್ಯೂಬಿಗೆ ಹಾಕಿ, ಹಾಕೋವಾಗ ಲೇಖಕರು, ನಟರು, ಹಾಡಿದೋರು, ಪುಸ್ತಕದ ಹೆಸರು, ಬೆಲೆ, ಎಲ್ಲಿ ಸಿಗತ್ತೆ ಅಂತ ಕೆಳಗೆ ಬರೀರಿ. ಎರವಲು ತಂದ ಕೈಬರಹ, ಮೊದಲ ಮುದ್ರಣದ ಪ್ರತಿಗಳನ್ನ ಸ್ಕ್ಯಾನ್ ಮಾಡ್ಕೊಂಡು ಖುದ್ದಾಗಿ ಹೋಗಿ ವಾಪಸ್ ಕೊಡಿ. ಮತ್ತೆ ಆ ರಂಗ ಓದು ಇಷ್ಟು ಕಷ್ಟಪಟ್ಟು ಕಟ್ಟಿರೋದು ಒಂದೇ ಸಂಜೆಗೆ ನಿಲ್ಲೋದು ಬೇಡ, ಸೆಟ್ಟಿಲ್ಲ, ಲೈಟಿಲ್ಲ, ನಾಲ್ಕು ಜನ ಒಂದು ಕಾರಲ್ಲಿ ಹೋಗ್ಬಹುದು, ಲೇಖಕರ ಒಪ್ಪಿಗೆ ಹಾಳೇಲಿ ಹೆಚ್ಚಿನ ಪ್ರದರ್ಶನಕ್ಕೂ ಬರೆಸ್ಕೊಂಡಿದ್ರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಂಜನಗೂಡಿನ ಕಾಲೇಜುಗಳಿಗೆ ಫೋನ್ ಮಾಡಿ, ಕನ್ನಡ ಮೇಷ್ಟ್ರುಗಳು ಖುಷಿಯಿಂದ ಕರೆಸ್ತಾರೆ, ಹೋಗೋವಾಗ ಡಿಕ್ಕೀಲಿ ಎರಡು ಕಟ್ಟು ಪುಸ್ತಕ ಹಾಕ್ಕೊಂಡು ಹೋಗಿ.